ಎದುರಿಗೆ: ಸದ್ಯಕ್ಕೆ ಕಡಲು

ಆಫೀಸಿನಲ್ಲಿ ಅವಳಿಗೆ ಮೂರುಗಂಟೆಯಮ್ಮ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟಿದ್ದು ಮಾತ್ರ ಬೆನ್ನ ಹಿಂದೆ. ಒಂದೆರಡು ವರ್ಷದಲ್ಲಿ ಆ ಹೆಸರು ಬೆನ್ನು ಬಳಸಿ ಮುಖದೆದುರಿಗೇ ಬಂತು. ಅವಳು ಬೇಡವೆನ್ನಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಸರಿಗೆ ಬೇಸರಪಡುವುದೇಕೆ? ಕಡಲ ದಂಡೆಯ ಆ ನಗರದಲ್ಲಿ ದುಬಾರಿ ಮನೆಗಳನ್ನು ಮಾರಿಸಿಕೊಡುವ ದಲ್ಲಾಳಿಗಳು ನೂರಾರು ಜನ, ಎಲ್ಲರೂ ಮನೆ ತೋರಿಸುವುದು ಸಂಜೆ ಐದೂಮುಕ್ಕಾಲಿಗೆ. ಆಗ ಬಿಸಿಲು ಇಳಿದಿರುತ್ತದೆ, ಗಾಳಿ ಎದ್ದಿರುತ್ತದೆ, ಸೂರ್ಯ ಬಾಲ್ಕನಿಯ ಗಾಜಿಗೆಲ್ಲ ಬಣ್ಣ ಬಳಿದಿರುತ್ತಾನೆ. ಆ ಹೊತ್ತಿನಲ್ಲಿ ದನದ ಕೊಟ್ಟಿಗೆಯನ್ನು ತೋರಿಸಿದರೂ ಮುಂಗಡ ಕೊಡುವವರು ಸಿಗುತ್ತಾರೆ. ಇವಳೊಬ್ಬಳು ಮಾತ್ರ ಮನೆ ತೋರಿಸುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ.

ಮೂರು ಗಂಟೆಗೆ ಪಡುವಣದ ಬಿಸಿಲು ನೇರ ಗಾಜಿಗೆ ಹೊಡೆಯುತ್ತದೆ. ಏಸಿ ಏದುಸಿರು ಬಿಡುತ್ತದೆ. ಕೆಳಗೆ ಶಾಲೆಯ ಬಸ್ಸುಗಳು ಒಂದರ ಹಿಂದೊಂದು ನಿಂತು ಹಾರ್ನ್ ಹೊಡೆಯುತ್ತವೆ. ನೀರಿಳಿದ ಹೊತ್ತಾದರಂತೂ ಮೋರಿ ಕಡಲಿಗೆ ಸೇರುವ ಕಡೆಯಿಂದ ವಾಸನೆ ಒಂಬತ್ತನೇ ಮಹಡಿಗೂ ಏರಿ ಬರುತ್ತದೆ. ಕೊಳ್ಳಲು ಬಂದವರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಳ್ಳುವಾಗ ಅವಳು ಹೇಳುತ್ತಿದ್ದಳು: "ಇದಕ್ಕಿಂತ ಕೆಟ್ಟದಾಗಿ ಈ ಮನೆ ಯಾವತ್ತೂ ಕಾಣಲ್ಲ. ಈಗ ಇಷ್ಟ ಆದ್ರೆ ತಗೊಳ್ಳಿ." ಹತ್ತರಲ್ಲಿ ಆರು ಜನ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋಗುತ್ತಿದ್ದರು. ಉಳಿದ ನಾಲ್ವರು ಕೊಳ್ಳುತ್ತಿದ್ದರು. ಕೊಂಡವರಲ್ಲಿ ಒಬ್ಬರೂ ಇಪ್ಪತ್ತೆರಡು ವರ್ಷದಲ್ಲಿ ಹಿಂದಿರುಗಿ ಬಂದು ಜಗಳ ತೆಗೆದಿರಲಿಲ್ಲ.

ಈ ರೂಢಿಗೆ ಕಂಪನಿ ಕಟ್ಟಿದ ದೊಡ್ಡವರ ಆಶೀರ್ವಾದವಿತ್ತು. ಅವರು ಮಾಡಿಟ್ಟ ಒಂದು ನಿಯಮವಿತ್ತು: ಮಾರಾಟಕ್ಕೆ ಬಂದ ಪ್ರತಿ ಮನೆಗೂ ಒಂದು ಚೀಟಿ. ಕೋಣೆ ಎಷ್ಟು, ಅಳತೆ ಎಷ್ಟು, ಯಾವ ಮಹಡಿ, ಯಾವ ದಿಕ್ಕು ಎಂದೆಲ್ಲ ಕೇಳಿದ ಮೇಲೆ ಕೊನೆಯಲ್ಲಿ 'ಎದುರಿಗೆ' ಎಂದೊಂದು ಸಾಲು. ದಲ್ಲಾಳಿ ತಾನೇ ಬಾಲ್ಕನಿಯಲ್ಲಿ ನಿಂತು, ಎದುರಿಗೆ ಏನು ಕಾಣುತ್ತದೋ ಅದನ್ನು ತನ್ನ ಕೈಬರಹದಲ್ಲೇ ತುಂಬಬೇಕು. ಕೆಳಗೆ 'ಖುದ್ದಾಗಿ ನೋಡಿ ಬರೆದವರು' ಎಂದು ಹೆಸರು. ಕಡಲ ದಂಡೆಯಲ್ಲಿ ಮನೆಯ ಅರ್ಧ ಬೆಲೆ ಇರುವುದು ಆ ಒಂದು ಸಾಲಿನಲ್ಲಿ. ಮೂರುಗಂಟೆಯಮ್ಮ ಅಲ್ಲಿ 'ಕಡಲು' ಎಂದು ಬರೆದಿದ್ದಾಳೆ, 'ಕಡಲು, ಕುತ್ತಿಗೆ ಎಡಕ್ಕೆ ತಿರುಗಿಸಿದರೆ' ಎಂದು ಬರೆದಿದ್ದಾಳೆ, ಒಮ್ಮೆ 'ಪಕ್ಕದ ಕಟ್ಟಡದ ನೀರಿನ ಟ್ಯಾಂಕು' ಎಂದೂ ಬರೆದಿದ್ದಾಳೆ.

ದೊಡ್ಡವರು ತೀರಿಕೊಂಡ ಮೇಲೆ ಕುರ್ಚಿ ಅವರ ಮಗಳ ಗಂಡನಿಗೆ ಬಂತು. ಆಫೀಸಿನವರೆಲ್ಲ ಅವನನ್ನು ಅಳಿಯ ಎಂದೇ ಕರೆಯುತ್ತಿದ್ದರು. ಅಳಿಯ ಅಲ್ಲ, ಮಗಳ ಗಂಡ ಎನ್ನುವ ಗಾದೆಯನ್ನು ಅವನು ಇಡೀ ವ್ಯಾಪಾರಕ್ಕೇ ಹೊಂದಿಸಿಬಿಟ್ಟಿದ್ದ. ಇಕ್ಕಟ್ಟಾದ ಮನೆಗೆ 'ಆಪ್ತ' ಎನ್ನುತ್ತಿದ್ದ. ಗದ್ದಲದ ಬೀದಿಗೆ 'ಜೀವಂತ'. ಎರಡು ವರ್ಷದಿಂದ ಯಾರೂ ಕೊಳ್ಳದೆ ಉಳಿದ ಮನೆಗೆ 'ಅಪರೂಪದ ಅವಕಾಶ'. ಇದಲ್ಲದೆ ಮೂರು ತಿಂಗಳಿಗೊಮ್ಮೆ 'ಮಾರುಕಟ್ಟೆಯ ನಾಡಿ' ಎಂಬ ಹೊಳೆಯುವ ಹಾಳೆಯನ್ನು ಅಚ್ಚು ಹಾಕಿಸಿ ಊರಿಗೆಲ್ಲ ಹಂಚುತ್ತಿದ್ದ. ನಾಡಿ ಹಿಡಿಯುವವನೂ ಅವನೇ, ಔಷಧಿ ಮಾರುವವನೂ ಅವನೇ, ಹಾಗಾಗಿ ರೋಗಿ ಯಾವಾಗಲೂ ಚೆನ್ನಾಗಿಯೇ ಇರುತ್ತಿದ್ದ.

ಆ ಸಲದ ಹಾಳೆಯನ್ನು ಅಳಿಯ ಬೆಳಗಿನ ಸಭೆಯಲ್ಲಿ ಗಟ್ಟಿಯಾಗಿ ಓದಿದ. ದಂಡೆಯ ಮನೆಗಳ ಬೆಲೆ ನೂರಕ್ಕೆ ಹದಿನಾಲ್ಕರಷ್ಟು ಏರಿದೆ. ಮೊದಲು ಎರಡು ತಿಂಗಳು ಕಾಯುತ್ತಿದ್ದ ಮನೆ ಈಗ ಹತ್ತೊಂಬತ್ತು ದಿನದಲ್ಲಿ ಹೋಗುತ್ತಿದೆ. ಕೊಳ್ಳುವ ನೂರು ಜನರಲ್ಲಿ ಅರವತ್ತೆಂಟು ಜನ ಹೊರಗಿನ ಊರಿನವರು, ಅವರಲ್ಲಿ ಅರ್ಧ ಜನ ಫೋನಿನಲ್ಲೇ ಮನೆ ನೋಡಿ ಕೊಳ್ಳುತ್ತಿದ್ದಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರುಗಂಟೆಯಮ್ಮ ಕೈ ಎತ್ತಿದಳು.

"ಕೊಳ್ಳೋರು ಯಾರು ಅಂತ ಬರೆದಿದ್ದೀರಿ. ಮಾರೋರು ಯಾರು ಅಂತ ಬರೆದಿಲ್ಲವಲ್ಲ?"

"ಮನೆ ಇದ್ದೋರು ಮಾರ್ತಾರೆ," ಎಂದ ಅಳಿಯ. ನಾಲ್ಕು ಜನ ನಕ್ಕರು.

"ಐಸ್ ಫ್ಯಾಕ್ಟರಿ ಬೀದಿ ನೋಡಿ. ಐದು ತಿಂಗಳಲ್ಲಿ ಹನ್ನೊಂದು ಮನೆ ಮಾರಾಟಕ್ಕೆ ಬಂದಿದೆ. ಹನ್ನೊಂದೂ ಹತ್ತು ವರ್ಷಕ್ಕಿಂತ ಹೆಚ್ಚು ಅಲ್ಲೇ ಇದ್ದೋರದ್ದು. ಅಷ್ಟು ವರ್ಷ ಕಡಲು ನೋಡಿದೋರಿಗೆ ಎಲ್ಲರಿಗೂ ಒಟ್ಟಿಗೇ ಕಡಲು ಬೇಡವಾಯ್ತಾ? ಊರು ಗೊತ್ತಿರೋರು ಮಾರ್ತಿದ್ದಾರೆ, ಊರು ಗೊತ್ತಿಲ್ಲದೋರು ಕೊಳ್ತಿದ್ದಾರೆ. ಏನೋ ಇದೆ ಅಲ್ಲಿ."

"ಲಾಭ ಇದೆ ಅಲ್ಲಿ," ಎಂದು ಅಳಿಯ ಹಾಳೆ ಮಡಿಸಿದ. ಸಭೆ ಮುಗಿದ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿಕೊಂಡ. "ಆ ಬೀದಿದು ಹನ್ನೆರಡನೇದೂ ಬಂದಿದೆ. ಒಂಬತ್ತನೇ ಮಹಡಿ, ಮೂರು ಮಲಗೋ ಕೋಣೆ. ನಿಮ್ಮ ತಂಗಿ ಮನೆ. ನೀವೇ ಮಾರಿಸಿಕೊಡಿ."

ತಂಗಿ ಮನೆ ಮಾರುವ ಸುದ್ದಿ ಅವಳಿಗೇ ಗೊತ್ತಿರಲಿಲ್ಲ.

"ಮೂರು ಗಂಟೆಗೆ ತೋರಿಸ್ತೀರೋ, ಐದೂಮುಕ್ಕಾಲಿಗೆ ತೋರಿಸ್ತೀರೋ, ನಿಮ್ಮಿಷ್ಟ," ಎಂದು ಅಳಿಯ ನಕ್ಕ. "ಸ್ವಂತ ತಂಗಿ ಅಲ್ವಾ."

ತಂಗಿ ಎಂದರೆ ಅವಳಿಗೆ ಹೆಚ್ಚುಕಡಿಮೆ ಮಗಳೇ. ಹನ್ನೊಂದು ವರ್ಷ ಚಿಕ್ಕವಳು. ತಾಯಿ ಹೋದಾಗ ಇವಳಿಗೆ ಇಪ್ಪತ್ತಾರು, ಅವಳಿಗೆ ಹದಿನೈದು. ಓದಿಸಿದ್ದು, ಮದುವೆ ಮಾಡಿಸಿದ್ದು ಎಲ್ಲ ಇವಳೇ, ತನ್ನ ಮದುವೆಯ ಮಾತು ಎತ್ತುವುದಕ್ಕೆ ಮಾತ್ರ ಪುರುಸೊತ್ತಾಗಲಿಲ್ಲ. ತಂಗಿಯ ಗಂಡ ಹಡಗಿನ ಎಂಜಿನಿಯರು, ಒಳ್ಳೆಯ ಸಂಪಾದನೆ. ಇಪ್ಪತ್ತಾರು ವರ್ಷ ನೀರಿನ ಮೇಲೆ ಕಳೆದು ನಿವೃತ್ತಿ ಪಡೆದು ಬಂದರೆ ಮನೆಯ ಬಾಲ್ಕನಿಯಲ್ಲೂ ಅದೇ ನೀರು. ಪಾಪ, ಬಕೆಟ್ಟಿನಲ್ಲಿ ಮಣ್ಣು ತುಂಬಿ ಬದನೆಗಿಡ ನೆಟ್ಟುಕೊಂಡು ಅದರ ಮುಂದೆಯೇ ಕೂತಿರುತ್ತಿದ್ದ. ಅವನಿಗೆ ಕಾಲಡಿ ನೆಲ ಬೇಕಾಗಿತ್ತು. ಒಳನಾಡಿನಲ್ಲಿ ಹಿತ್ತಲಿರುವ ಮನೆಯೊಂದನ್ನು ನೋಡಿ ಮೆಚ್ಚಿದ್ದ, ಇದು ಮಾರಿದರೆ ಅದು.

ಮಧ್ಯಾಹ್ನ ಅವಳು ಹೋದಾಗ ಎಂಜಿನಿಯರು ಹಿತ್ತಲಿನ ಮನೆಯ ಕಡೆಗೇ ಹೋಗಿದ್ದ. ತಂಗಿ ಬಾಗಿಲು ತೆಗೆದವಳು ಅಕ್ಕನ ಕೈಯಲ್ಲಿದ್ದ ಚೀಟಿಯನ್ನು ನೋಡಿ ನಾಲಿಗೆ ಕಚ್ಚಿಕೊಂಡಳು.

"ನಾನೇ ಹೇಳ್ಬೇಕು ಅಂತಿದ್ದೆ ಕಣೇ. ಅಷ್ಟರಲ್ಲಿ ಇವರು ನಿಮ್ಮ ಆಫೀಸಿಗೆ ಫೋನ್ ಮಾಡಿಬಿಟ್ರು."

"ಇರಲಿ ಬಿಡು. ಮನೆ ಮಾರೋದು ಗಂಡ ಹೆಂಡ್ತಿ ವಿಷಯ. ಆದ್ರೆ ಅಷ್ಟೇನಾ, ಇನ್ನೇನಾದ್ರೂ ಇದೆಯಾ?"

ತಂಗಿ ಚಹಾ ಸೋಸುವ ನೆಪದಲ್ಲಿ ಸ್ವಲ್ಪ ಹೊತ್ತು ತಳ್ಳಿದಳು. ಆಮೇಲೆ ಬಂದು ಪಕ್ಕದಲ್ಲಿ ಕೂತಳು. ಅಕ್ಕನ ಹತ್ತಿರ ಮುಚ್ಚಿಡುವುದು ಅವಳಿಗೆ ಚಿಕ್ಕಂದಿನಿಂದಲೂ ಬಾರದು.

"ಎದುರಿಗಿರೋ ಹಳೇ ಐಸ್ ಫ್ಯಾಕ್ಟರಿ ಹೋಯ್ತು. ಯಾರೋ ದೊಡ್ಡ ಬಿಲ್ಡರ್ ತಗೊಂಡಿದ್ದಾನೆ. ಮೂವತ್ತಾರು ಮಹಡಿ ಏಳುತ್ತಂತೆ. ಕಟ್ಟಡದ ಸಂಘಕ್ಕೆ ಕಾಗದ ಬಂದು ಐದು ತಿಂಗಳಾಯ್ತು. ಎಲ್ಲರೂ ಮಾರಿಕೊಳ್ಳೋ ತನಕ ಯಾರೂ ಬಾಯಿ ಬಿಡಬಾರದು ಅಂತ ಮಾತಾಗಿದೆ."

ಮೂರುಗಂಟೆಯಮ್ಮನಿಗೆ ನಗು ತಡೆಯಲಾಗಲಿಲ್ಲ. ಲಿಫ್ಟಿನ ಬಲ್ಬು ಬದಲಿಸುವ ಖರ್ಚು ಯಾರದು ಎಂದು ಹನ್ನೊಂದು ವರ್ಷದಿಂದ ಕಿತ್ತಾಡುತ್ತಿದ್ದ ಸಂಘ ಅದು. ಈ ಒಂದು ವಿಷಯದಲ್ಲಿ ಮಾತ್ರ ಹತ್ತೇ ನಿಮಿಷದಲ್ಲಿ ಒಮ್ಮತ ಬಂದಿತ್ತಂತೆ. ನಗು ಮುಗಿದ ಮೇಲೆ ಅವಳಿಗೆ ಬೆಳಗಿನ ಲೆಕ್ಕ ನೆನಪಾಯಿತು. ಹನ್ನೊಂದರಲ್ಲಿ ಏಳು ಮನೆಗಳು ಆಗಲೇ ಹೋಗಿದ್ದವು, ಏಳನ್ನೂ ಕೊಂಡವರು ಹೊರಗಿನವರು.

ಅವಳು ಬಾಲ್ಕನಿಗೆ ಹೋಗಿ ನಿಂತಳು. ಬದನೆಗಿಡದ ಆಚೆ ರಸ್ತೆ, ರಸ್ತೆಯ ಆಚೆ ಮಾಡು ಕುಸಿದ ಐಸ್ ಫ್ಯಾಕ್ಟರಿ, ಅದರ ಆಚೆ ಉದ್ದಕ್ಕೂ ನೀರು, ಬಿಸಿಲಿಗೆ ಕಣ್ಣು ಬಿಡಲಾರದಷ್ಟು ಹೊಳೆಯುವ ನೀರು. ಪೆನ್ನು ತೆಗೆದು ಚೀಟಿಯ ಸಾಲುಗಳನ್ನು ಒಂದೊಂದಾಗಿ ತುಂಬಿದಳು. 'ಎದುರಿಗೆ' ಎನ್ನುವಲ್ಲಿಗೆ ಬಂದಾಗ ಒಂದು ಗಳಿಗೆ ತಡೆದಳು. ಆಮೇಲೆ ಬರೆದಳು: ಸದ್ಯಕ್ಕೆ ಕಡಲು.

ಭುಜದ ಮೇಲಿಂದ ಬಗ್ಗಿ ನೋಡಿದ ತಂಗಿಯ ಮುಖ ಬಿಗಿಯಿತು.

"ಈ 'ಸದ್ಯಕ್ಕೆ' ಯಾಕೆ?"

"ಇವತ್ತಿದೆ, ನಾಳೆ ಇರಲ್ಲ. ಅದಕ್ಕೆ ಬೇರೆ ಪದ ಇದ್ರೆ ಹೇಳು, ಬರೀತೀನಿ."

"ಆ ಪದ ನೋಡಿದೋರು ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ನೀನು ಹೇಳ್ತೀಯ. ನಾನು ನಿನಗೆ ಹೇಳಿದ್ದು ಅಕ್ಕ ಅಂತ, ದಲ್ಲಾಳಿ ಅಂತ ಅಲ್ಲ!"

"ಕಿವಿ ಎರಡೇ ಇರೋದು ಕಣೇ. ಅಕ್ಕನಿಗೊಂದು ಜೊತೆ, ದಲ್ಲಾಳಿಗೊಂದು ಜೊತೆ ಅಂತ ಇಲ್ಲ."

"ಆಯ್ತು. ಬರಕೋ," ಎಂದಳು ತಂಗಿ. ದನಿ ಏರಲಿಲ್ಲ, ಅದೇ ಭಯವಾಗುವಂತಿತ್ತು. "ಈ ಮನೆ ನಿನ್ನಿಂದ ಕೆಟ್ಟರೆ ನಾನು ಮಾತು ಬಿಡ್ತೀನಿ. ನಾನು ಬಿಟ್ಟರೆ ಹೇಗೆ ಬಿಡ್ತೀನಿ ಅಂತ ನಿನಗೆ ಗೊತ್ತು."

ಗೊತ್ತಿತ್ತು. ತಾಯಿಯ ಹೊಲಿಗೆ ಯಂತ್ರ ಮಾರಿದಾಗ ಕೊಳ್ಳಲು ಬಂದವಳಿಗೆ, ಹತ್ತು ಹೊಲಿಗೆಗೊಮ್ಮೆ ಸೂಜಿ ಹಾರುತ್ತದೆ ಎಂದು ಇವಳೇ ಹೇಳಿದ್ದಳು. ಬಂದ ಬೆಲೆ ಅರ್ಧಕ್ಕಿಳಿಯಿತು, ತಂಗಿ ಸೇರಬೇಕೆಂದಿದ್ದ ತರಗತಿ ಒಂದು ವರ್ಷ ಮುಂದೆ ಹೋಯಿತು. ಹದಿನಾಲ್ಕು ತಿಂಗಳು ತಂಗಿ ಮಾತಾಡಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಇಬ್ಬರೇ. ಉಪ್ಪು ಮುಗಿದರೂ ಚೀಟಿ, ಜ್ವರ ಬಂದರೂ ಚೀಟಿ. ರಾತ್ರಿ ತಂಗಿ ಮಗ್ಗುಲು ಬದಲಿಸುವ ಸದ್ದಿಗೆ ಎಚ್ಚರವಾಗಿ, ಈಗಲಾದರೂ ಏನಾದರೂ ಅಂದಾಳೇನೋ ಎಂದು ಇವಳು ಉಸಿರು ಬಿಗಿಹಿಡಿದು ಕಾದದ್ದುಂಟು. ಮೂರುಗಂಟೆಯಮ್ಮ ಹೆದರುವವಳಲ್ಲ, ಬಿಲ್ಡರಿಗೂ ಹೆದರಿಲ್ಲ, ವಕೀಲರಿಗೂ ಹೆದರಿಲ್ಲ. ಆ ಮೌನಕ್ಕೆ ಮಾತ್ರ ಹೆದರುತ್ತಿದ್ದಳು. ಈಗಂತೂ ತಂಗಿಯನ್ನು ಬಿಟ್ಟರೆ ಅವಳಿಗೆ ತನ್ನವರೆಂದು ಯಾರೂ ಇರಲಿಲ್ಲ.

ಆದರೂ ಬರೆದದ್ದನ್ನು ಅವಳು ಹೊಡೆದುಹಾಕಲಿಲ್ಲ.

ಮರುದಿನ ಅಳಿಯ ಆ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು, ಇಲಿ ಬಾಲ ಹಿಡಿದವನ ಹಾಗೆ ಅವಳ ಮೇಜಿಗೆ ತಂದ.

"ಇದರಲ್ಲಿ ಒಂದು ಪದ ಹೆಚ್ಚಾಗಿದೆ. ತೆಗೀರಿ."

"ಅಲ್ಲಿ ಕಡಲನ್ನೇ ತೆಗೀತಾರಂತೆ, ಅದು ನಿಮಗೆ ಹೆಚ್ಚಲ್ಲ. ನನ್ನ ಒಂದು ಪದ ಹೆಚ್ಚಾಯ್ತಾ?"

ಅವನು ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. ಅವನಿಗೆ ಮೊದಲೇ ಗೊತ್ತಿತ್ತೆನ್ನುವುದು ಆ ತಗ್ಗಿದ ದನಿಯಲ್ಲೇ ತಿಳಿಯಿತು. "ನೋಡಿ, ಆ ಯೋಜನೆ ನಗರಸಭೆ ಬೋರ್ಡಿನಲ್ಲಿ ಅಂಟಿಸಿದ್ದಾರೆ. ಯಾರು ಬೇಕಾದ್ರೂ ಹೋಗಿ ಓದಬಹುದು. ನಾವೇನು ಸುಳ್ಳು ಹೇಳ್ತಿದ್ದೀವಾ? ಹೇಳ್ತಿಲ್ಲ, ಅಷ್ಟೇ."

"ಆ ಬೋರ್ಡು ಇರೋದು ಮೆಟ್ಟಿಲ ಕೆಳಗೆ, ಸೈಕಲ್ ನಿಲ್ಲಿಸೋ ಕಡೆ. ಇನ್ನೂರು ಮೈಲಿ ಆಚೆಯಿಂದ ಬಂದೋರು ಅಲ್ಲಿಗೆ ಹೋಗಿ ಓದ್ತಾರಾ?"

"ಅಲ್ಲಮ್ಮ, ಸದ್ಯಕ್ಕೆ ಅಂದ್ರೆ ಪ್ರಪಂಚದಲ್ಲಿ ಎಲ್ಲಾನೂ ಸದ್ಯಕ್ಕೇನೇ. ನಾನೂ ಸದ್ಯಕ್ಕೆ, ನೀವೂ ಸದ್ಯಕ್ಕೆ."

"ಹಾಗಾದ್ರೆ ಬರೆಯೋದಕ್ಕೆ ಏನು ತೊಂದ್ರೆ?"

ಅಳಿಯ ಚೀಟಿಯನ್ನು ಜೇಬಿಗಿಳಿಸಿದ. ಆಮೇಲೆ ಅವಳು ನಿರೀಕ್ಷಿಸದೇ ಇದ್ದ ಒಂದು ಮಾತು ಹೇಳಿದ. "ಆಯ್ತು ಬಿಡಿ. ಇದನ್ನ ನಾನೇ ನೋಡ್ಕೊಳ್ತೀನಿ. ನಿಮಗೆ ಬೇಡ ಈ ತಾಪತ್ರಯ."

ಇಲ್ಲಿ ಅವಳ ಒಂದು ತಪ್ಪನ್ನು ಹೇಳಲೇಬೇಕು. ಅವಳಿಗೆ ಹಾಯೆನಿಸಿತು. ತೋರಿಸುವವಳು ನಾನಲ್ಲ, ಮಾರುವವಳು ನಾನಲ್ಲ, ಅಂದ ಮೇಲೆ ಸುಳ್ಳು ನನ್ನದಲ್ಲ, ತಂಗಿಯ ಮೌನವೂ ನನಗಿಲ್ಲ ಎಂದುಕೊಂಡು ಮೂರು ದಿನ ನೆಮ್ಮದಿಯಾಗಿ ನಿದ್ದೆ ಮಾಡಿದಳು. ತಂಗಿ ಫೋನು ಮಾಡಿ ಹಿತ್ತಲಿನ ಮನೆಯ ಬಾವಿಯ ಬಗ್ಗೆ, ಅಲ್ಲಿ ಹಾಕಬೇಕೆಂದಿರುವ ಬಳ್ಳಿಯ ಬಗ್ಗೆ ಹರಟಿದಾಗ ಇವಳೂ ಹರಟಿದಳು. ಇಪ್ಪತ್ತೆರಡು ವರ್ಷ ಅಡ್ಡಗೋಡೆಯ ಮೇಲೆ ದೀಪ ಇಟ್ಟವರನ್ನೆಲ್ಲ ಬೈದುಕೊಂಡು ಬಂದವಳು ತಾನೇ ಮೂರು ದಿನ ಅದೇ ಗೋಡೆಯ ಮೇಲೆ ಹಾಯಾಗಿ ಕೂತಿದ್ದಳು.

ನಾಲ್ಕನೆಯ ದಿನ ಅಳಿಯ ಕರೆದ. ಕೊಳ್ಳುವವರು ಸಿಕ್ಕಿದ್ದಾರೆ, ಒಳನಾಡಿನ ಒಬ್ಬ ಹಲ್ಲಿನ ಡಾಕ್ಟರು. ಆಕೆಯ ಗೆಳತಿಯೊಬ್ಬಳಿಗೆ ಹಿಂದೆ ಮೂರುಗಂಟೆಯಮ್ಮನೇ ಮನೆ ಕೊಡಿಸಿದ್ದಳಂತೆ. ಹಾಗಾಗಿ ಡಾಕ್ಟರಿಗೆ ಅವಳೇ ಬರಬೇಕಂತೆ, ಅವಳು ನೋಡಿದ ಮನೆಯಾದರೆ ಕಣ್ಣು ಮುಚ್ಚಿ ಕೊಳ್ಳುತ್ತಾರಂತೆ.

"ರೈಲು ನಾಲ್ಕೂವರೆಗೆ ಬರುತ್ತೆ. ಐದೂಮುಕ್ಕಾಲಿಗೆ ಅಲ್ಲಿರ್ತೀವಿ. ನೀವು ಏನೂ ಹೇಳೋದು ಬೇಡ," ಎಂದ ಅಳಿಯ. "ನಿಂತಿದ್ರೆ ಸಾಕು. ನಿಮ್ಮ ತಂಗಿ ಮುಖ ನೋಡ್ಕೊಂಡು ನಿಂತಿರಿ."

ಬರುವುದಿಲ್ಲ ಎನ್ನಬಹುದಿತ್ತು. ಹೋಗದಿದ್ದರೆ ಅಳಿಯ ಅವಳ ಹೆಸರು ಹೇಳಿಯೇ ಮಾರುತ್ತಾನೆ. ಹೋದರೆ ಏನಾಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಹೋದಳು.

ಹಲ್ಲಿನ ಡಾಕ್ಟರು ಗಿಡ್ಡ ಹೆಂಗಸು, ಅರವತ್ತರ ಆಸುಪಾಸು. ತೊಳೆದು ತೊಳೆದು ಬಿಳಿಚಿದ ಕೈಗಳು, ಬೆರಳಲ್ಲಿ ಮಾತ್ರ ಗಂಡಸಿನ ಬಿಗಿ. ಬಂದವರೇ ಗೋಡೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ಕಿವಿಗೊಟ್ಟರು, ಎಲ್ಲಿ ಟೊಳ್ಳು ಎಲ್ಲಿ ಗಟ್ಟಿ ಎಂದು. ಬಾಗಿಲ ಸಂದು ನೋಡಿದರು, ನಲ್ಲಿ ತಿರುಗಿಸಿದರು. ತಂಗಿ ಹಿಂದೆ ಹಿಂದೆಯೇ ಬರುತ್ತ ದೀಪಗಳನ್ನು ಹಾಕಿದಳು. ಅಕ್ಕನನ್ನು ಒಮ್ಮೆ ನೋಡಿ ನಕ್ಕಳು, ಬೇಡುವ ನಗು ಅದು. ಎಲ್ಲ ಮುಗಿಸಿ ಬಾಲ್ಕನಿಗೆ ಬಂದ ಡಾಕ್ಟರು ಕಟಕಟೆಗೆ ಕೈಯೂರಿ ನಿಂತುಬಿಟ್ಟರು. ಐದೂಮುಕ್ಕಾಲು ತನ್ನ ಕೆಲಸವನ್ನು ಒಂದಿಷ್ಟೂ ಲೋಪವಿಲ್ಲದೆ ಮಾಡುತ್ತಿತ್ತು. ನೀರು, ಮೋಡ, ಬದನೆಗಿಡ ಎಲ್ಲದರ ಮೇಲೂ ಒಂದೇ ಬಣ್ಣ.

"ಮೂವತ್ತೊಂದು ವರ್ಷ ಬೇರೆಯವರ ಬಾಯೊಳಗೆ ನೋಡಿದ್ದೀನಿ," ಎಂದರು ಡಾಕ್ಟರು, ಯಾರಿಗೆಂದಲ್ಲದೆ. "ಇನ್ನಾದ್ರೂ ಸ್ವಲ್ಪ ದೂರದ್ದು ಏನಾದ್ರೂ ನೋಡ್ಬೇಕು."

ಅಳಿಯ ಇದೇ ಸಮಯವೆಂದು ಕೈಚೀಲದಿಂದ ಮನೆಚೀಟಿ ತೆಗೆದು ಅವರ ಕೈಗಿತ್ತ. ಅಚ್ಚು ಹಾಕಿಸಿದ ಚೀಟಿ, ದಪ್ಪ ಕಾಗದ. ಡಾಕ್ಟರು ಕನ್ನಡಕ ಏರಿಸಿ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. "ಎದುರಿಗೆ: ಅನಂತ ಕಡಲು. ಖುದ್ದಾಗಿ ನೋಡಿ ಬರೆದವರು..." ತಲೆಯೆತ್ತಿ ಮೂರುಗಂಟೆಯಮ್ಮನನ್ನು ನೋಡಿದರು. "ನೀವೇ ಅಲ್ವಾ? ನೀವೇ ಬರೆದಿದ್ದಾ ಇದು?"

ಅನಂತ! ಸದ್ಯಕ್ಕೆ ಎನ್ನುವುದನ್ನು ತೆಗೆದು ಸುಮ್ಮನೆ ಬಿಟ್ಟಿದ್ದರೂ ಒಂದು ಮಾತು. ಅದೇ ಜಾಗದಲ್ಲಿ, ಅವಳ ಹೆಸರಿನ ತಲೆಯ ಮೇಲೆ, ಅನಂತವನ್ನು ತಂದು ಕೂರಿಸಿದ್ದ ಪುಣ್ಯಾತ್ಮ. ಅವಳ ಕಿವಿ ಬಿಸಿಯಾಯಿತು. ಮೂರು ದಿನ ನೆಮ್ಮದಿಯಾಗಿ ನಿದ್ದೆ ಮಾಡಿದ ತನ್ನ ಮೇಲೆ ಮೊದಲು ಸಿಟ್ಟು ಬಂತು, ಅಳಿಯನ ಮೇಲೆ ಆಮೇಲೆ.

"ಹೂಂ ಮತ್ತೆ," ಎಂದ ಅಳಿಯ. "ಅವರು ಇಲ್ಲೇ ನಿಂತು..."

"ನಾನು ಅವರನ್ನ ಕೇಳಿದ್ದು," ಎಂದರು ಡಾಕ್ಟರು.

ತಂಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತುಟಿ ಅಲುಗಿತು. 'ಅಕ್ಕಾ' ಎಂದಿರಬೇಕು. ಆ ಒಂದು ಗಳಿಗೆಯಲ್ಲಿ ಮೂರುಗಂಟೆಯಮ್ಮನಿಗೆ ಹೌದು ಎನ್ನುವುದು ಎಷ್ಟು ಸುಲಭ ಎಂದು ಕಂಡಿತು. ಎರಡಕ್ಷರ. ತಂಗಿಗೆ ಹಿತ್ತಲು, ಅವಳ ಗಂಡನಿಗೆ ನೆಲ, ತನಗೆ ಸಂಜೆಯ ಫೋನು. ಎದುರಿಗಿರುವವರು ಯಾರೋ ಏನೋ, ನಾಳೆ ಮುಖ ಕಂಡರೂ ಗುರುತು ಸಿಗದವರು.

"ಹೆಸರು ನಂದು," ಎಂದಳು. "ಮಾತು ನಂದಲ್ಲ. ನಾನು ಬರೆದದ್ದು 'ಸದ್ಯಕ್ಕೆ ಕಡಲು' ಅಂತ."

"ಸದ್ಯಕ್ಕೆ ಅಂದ್ರೆ?"

"ಅದೋ ಅಲ್ಲಿ, ಮಾಡು ಬಿದ್ದಿರೋ ಐಸ್ ಫ್ಯಾಕ್ಟರಿ. ಅದನ್ನ ಕೆಡವಿ ಮೂವತ್ತಾರು ಮಹಡಿ ಕಟ್ತಾರೆ. ಎರಡೂವರೆ, ಮೂರು ವರ್ಷ. ಆಮೇಲೆ ನಿಮಗೆ ಇಲ್ಲಿಂದ ಕಾಣೋದು ಅವರ ಅಡುಗೆಮನೆ."

"ಅದು ಬರೀ ಯೋಜನೆ ಡಾಕ್ಟ್ರೇ, ಇನ್ನೂ ಕಾಗದದ ಮೇಲಿದೆ," ಎಂದು ಅಳಿಯ ನಡುವೆ ಬಂದ. "ನಾವೇನೂ ಮುಚ್ಚಿಟ್ಟಿಲ್ಲ..."

"ಮುಚ್ಚಿಟ್ರಿ ಅಂತ ಯಾರೂ ಅನ್ನಲಿಲ್ಲವಲ್ಲ?" ಎಂದಳು ಮೂರುಗಂಟೆಯಮ್ಮ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನನ್ನು ಅವಳು ಅಷ್ಟು ಹತ್ತಿರದಿಂದ ಹಿಂದೆಂದೂ ನೋಡಿರಲಿಲ್ಲ.

ಡಾಕ್ಟರು ಚೀಟಿಯನ್ನು ನಾಲ್ಕಾಗಿ ಮಡಿಸಿ ಅಳಿಯನ ಕೈಗೆ ಹಿಂದಿರುಗಿಸಿದರು. ಐಸ್ ಫ್ಯಾಕ್ಟರಿಯನ್ನು ನೋಡಿದರು, ಆಕಾಶವನ್ನು ನೋಡಿದರು. ಅವರ ಮುಖದಲ್ಲಿ ಕೃತಜ್ಞತೆ ಕಾಣಬಹುದೆಂದು ಯಾರಾದರೂ ಕಾದಿದ್ದರೆ ಅಂಥದ್ದೇನೂ ಇರಲಿಲ್ಲ. ಕೈಯಲ್ಲಿದ್ದದ್ದನ್ನು ಯಾರೋ ಕಿತ್ತುಕೊಂಡ ಮಗುವಿನದರ ಹಾಗಿತ್ತು ಆ ಮುಖ.

"ನೀವು ಹೇಳಿದ್ದು ಸರಿಯೇ," ಎಂದರು ಚೀಲ ಹೆಗಲಿಗೇರಿಸುತ್ತ. "ಆದ್ರೆ ಇನ್ನು ಹತ್ತು ನಿಮಿಷ ಬಿಟ್ಟು ಹೇಳಿದ್ರೆ ಸೂರ್ಯ ಮುಳುಗೋದನ್ನಾದ್ರೂ ನೋಡ್ಕೊಂಡು ಹೋಗ್ತಿದ್ದೆ."

ಹೊರಟುಹೋದರು. ಅಳಿಯ ಲಿಫ್ಟಿನ ತನಕ ಹಿಂದೆಯೇ ಓಡಿ, ಬೇರೆ ಬೀದಿಯ ಮನೆಗಳ ಹೆಸರುಗಳನ್ನೆಲ್ಲ ಒದರಿದ್ದು ಕೇಳಿಸಿತು. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ತಿರುಗಿ ಬಂದ.

"ನಾಳೆಯಿಂದ ನೀವು ಬರಬೇಡಿ."

"ಬರಲ್ಲ. ಆದ್ರೆ ಒಂದು ಕೇಳಿ. ನಿಮ್ಮ ಆಫೀಸಿನವಳು ಅಂತ ಇವತ್ತಿನ ತನಕ ನನ್ನ ಬಾಯಿಗೆ ಅರ್ಧ ಬೀಗ ಇತ್ತು. ನಾಳೆಯಿಂದ ಅದೂ ಇಲ್ಲ. ಈ ಬೀದೀಲಿ ಇದಲ್ಲದೆ ಇನ್ನೂ ನಾಲ್ಕು ಮನೆ ಮಾರೋದಿದೆ. ಗೇಟಿನ ಒಳಗೆ ನಿಮ್ಮದು, ಹೊರಗೆ ರಸ್ತೆ ಎಲ್ಲರದ್ದು. ದಿನಾ ಬಂದು ನಿಲ್ತೀನಿ. ಮನೆ ನೋಡೋಕೆ ಬಂದೋರು ಕಾರಿಂದ ಇಳಿದ ಕೂಡಲೇ ನಗರಸಭೆ ಬೋರ್ಡು ಎಲ್ಲಿದೆ ಅಂತ ದಾರಿ ತೋರಿಸ್ತೀನಿ. ಮಾರಿ ಹೋಗಿದ್ದಾವಲ್ಲ ಏಳು, ಅವನ್ನ ಕೊಂಡೋರ ಮನೆ ಬಾಗಿಲೂ ನನಗೆ ಗೊತ್ತು."

"ನಮ್ಮ ಮಾವ ನಿಮ್ಮನ್ನ ತಲೆ ಮೇಲೆ ಕೂರಿಸಿಕೊಂಡಿದ್ರು, ಅದಕ್ಕೆ ಹೀಗಾಗಿದ್ದೀರಿ!"

"ಅವರು ತಲೆ ಮೇಲೆ ಕೂರಿಸಲಿಲ್ಲ. ಬಾಲ್ಕನೀಲಿ ನಿಲ್ಲಿಸಿದ್ರು, ನೋಡಿ ಬರಿ ಅಂತ. ಹೋಗಿ, ನಿಮ್ಮ ನಾಡಿ ನೋಡ್ಕೊಳ್ಳಿ."

ಅವನು ಹೋದ ರಭಸಕ್ಕೆ ಬಾಗಿಲು ಎರಡು ಸಲ ಬಡಿದುಕೊಂಡಿತು. ಆಮೇಲೆ ಆ ಮನೆಯಲ್ಲಿ ಉಳಿದದ್ದು ಅಕ್ಕ ತಂಗಿ ಇಬ್ಬರೇ.

ತಂಗಿ ತಾನು ಹಾಕಿದ್ದ ದೀಪಗಳನ್ನೆಲ್ಲ ಒಂದೊಂದಾಗಿ ಆರಿಸುತ್ತ ಬಂದಳು. ಕೊನೆಯದನ್ನು ಆರಿಸಿ, ಗೋಡೆಯನ್ನು ನೋಡುತ್ತ ಹೇಳಿದಳು. "ಆಚೆ ಹೋಗು."

"ಹೋಗಲ್ಲ."

ತಂಗಿ ಮತ್ತೊಂದು ಮಾತಾಡಲಿಲ್ಲ. ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿತು, ಆಮೇಲೆ ಏನೂ ಇಲ್ಲ. ಶುರುವಾಯಿತು ಎಂದುಕೊಂಡಳು ಮೂರುಗಂಟೆಯಮ್ಮ. ಅವಳಿಗೆ ಅಳು ಬಂತು, ಅತ್ತಳು ಕೂಡ. ಕೆಲಸ ಹೋದದ್ದಕ್ಕೆ ಒಂದು ಹನಿಯೂ ಅಲ್ಲ. ಕಣ್ಣೊರೆಸಿಕೊಂಡು ಎದ್ದು, ಚಪ್ಪಲಿಯ ಕಡೆ ನಾಲ್ಕು ಹೆಜ್ಜೆ ಹೋದಳು. ಅಲ್ಲಿ ನಿಂತವಳಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಆ ಸಲ ಹದಿನಾಲ್ಕು ತಿಂಗಳು ಯಾಕೆ ಸುಮ್ಮನೆ ಕಾದೆ? ಯಾರು ಹೇಳಿದ್ದರು ಕಾಯಲು? ಸರಿಯಾದದ್ದನ್ನು ಮಾಡಿದವಳೂ ನಾನೇ, ಮೂಲೆಯಲ್ಲಿ ಕೂತವಳೂ ನಾನೇ. ಇದು ಯಾವ ನ್ಯಾಯ?

ತಿರುಗಿ ಬಂದು ಕೋಣೆಯ ಬಾಗಿಲಿಗೆ ದಬದಬ ಬಡಿದಳು.

"ಕೇಳಿಸ್ಕೋ. ನೀನು ಮಾತು ಬಿಡೋದಾದ್ರೆ ಬಿಡು, ನಾನು ಬಿಡಲ್ಲ. ನಿನ್ನ ಮನೆ ಕೆಡಿಸಿದ್ದೀನಿ, ಹೌದು. ನಾಳೇನೂ ಕೆಡಿಸ್ತೀನಿ, ಇನ್ನೊಬ್ಬರು ನೋಡೋಕೆ ಬಂದ್ರೆ ಅವರಿಗೂ ಹೇಳ್ತೀನಿ. ಆದ್ರೆ ಅದಕ್ಕೆ ನಿನ್ನನ್ನ ಕಳ್ಕೊಳ್ಳೋದಕ್ಕೆ ನಾನು ತಯಾರಿಲ್ಲ. ಬೈಯಿ. ಎಷ್ಟು ಬೇಕಾದ್ರೂ ಬೈಯಿ. ಹೊಡೀತೀಯಾ, ಹೊಡಿ. ಸುಮ್ಮನೆ ಕೂರೋದು ಮಾತ್ರ ಈ ಸಲ ನಡೆಯಲ್ಲ. ಆಗ ನಾನು ಕೆಲಸಕ್ಕೆ ಹೋಗ್ಬೇಕಿತ್ತು, ನಿನಗೆ ಅನುಕೂಲ ಆಯ್ತು. ಈಗ ಕೆಲಸಾನೂ ಇಲ್ಲ. ನನಗೆ ಬೇಕಾದಷ್ಟು ಪುರುಸೊತ್ತಿದೆ. ಈ ಸೋಫಾ ಬಿಟ್ಟು ಏಳಲ್ಲ ನಾನು."

ಅವಳು ಹೇಳಿದ ಹಾಗೆಯೇ ಸೋಫಾದಲ್ಲಿ ಕೂತಳು. ಫೋನು ಎರಡು ಸಲ ಹೊಡೆದುಕೊಂಡಿತು, ಹಿತ್ತಲಿನ ಮನೆಯಿಂದ ಎಂಜಿನಿಯರಿರಬೇಕು, ಯಾರೂ ಎತ್ತಲಿಲ್ಲ. ಪಕ್ಕದ ಮನೆಯವರು ಪಾತ್ರೆ ತೊಳೆದು ಮುಗಿಸಿದರು. ಕಾಲು ಗಂಟೆಯೋ ಅರ್ಧ ಗಂಟೆಯೋ, ಅವಳು ಗಡಿಯಾರ ನೋಡಲಿಲ್ಲ.

ಚಿಲಕ ತೆಗೆದ ಸದ್ದಾಯಿತು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಗೆ, ಕೂದಲು ಕೆದರಿ, ಹದಿನೈದರ ಹುಡುಗಿಯ ಹಾಗೆ.

"ಏನಂದುಕೊಂಡಿದ್ದೀಯ ನಿನ್ನನ್ನ ನೀನು? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿ, ಮತ್ತೆ ನನಗೇ ಜೋರು ಮಾಡ್ತೀಯಾ? ಅವರಿಗೆ ನಾನೇನು ಹೇಳಲಿ? ಅಲ್ಲಿ ಬಾವಿ ಮುಂದೆ ನಿಂತು ಫೋಟೋ ಕಳಿಸ್ತಿದ್ದಾರೆ! ಆ ಹೆಂಗಸಿನ ಮುಂದೆ ನಾನು ಸುಳ್ಳಿ ಆದೆ. ಎಲ್ಲರ ಮುಂದೆ ನೀನೊಬ್ಬಳು ದೊಡ್ಡವಳು, ನಾವೆಲ್ಲ ಕಳ್ಳರು, ಅಲ್ವಾ? ಅಮ್ಮನ ಮಿಷನ್ ಮಾರಿದ ದಿನದಿಂದ ನೋಡ್ತಿದ್ದೀನಿ ನಿನ್ನ ಈ ಸೊಕ್ಕನ್ನ..."

ಬೈದಳು. ಅಡುಗೆಮನೆಗೆ ಹೋಗಿ ಅಲ್ಲಿಂದ ಬೈದಳು, ನೀರು ಕುಡಿದು ಬಂದು ಎದುರಿಗೆ ನಿಂತು ಬೈದಳು, ಇಪ್ಪತ್ತು ವರ್ಷದ ಹಿಂದಿನದು, ನಿನ್ನೆಯದು, ಯಾವುದನ್ನೂ ಬಿಡಲಿಲ್ಲ. ಅದರಲ್ಲಿ ಅರ್ಧ ನಿಜವೂ ಇತ್ತು. ಮೂರುಗಂಟೆಯಮ್ಮ ಕಾಲು ಮೇಲೆತ್ತಿ ಮಡಿಸಿಕೊಂಡು, ದಿಂಬನ್ನು ಬೆನ್ನಿಗೆ ಇಟ್ಟುಕೊಂಡು, ಒಂದಕ್ಷರ ತಪ್ಪದ ಹಾಗೆ ಎಲ್ಲವನ್ನೂ ಕೇಳಿಸಿಕೊಂಡಳು. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ, ಎದ್ದೂ ಹೋಗಲಿಲ್ಲ.